ಬಾಲಪ್ರೇಕ್ಷಕರ ಅಧಿಕಾರವಿಚಾರವು



ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರ್ಣಯಿಸತಕ್ಕದ್ದೆಂಬುದು ಪಾಠಶಾಲೆಗಳ ಸಂಪ್ರದಾಯವು. ಮೊಬೈಲ್ ಫೋನಿನ ವ್ಯಸನವನ್ನು ಕುರಿತು ಮಕ್ಕಳಿಗಾಗಿ ಅನಿಮೇಷನ್ ಕಿರುಚಿತ್ರವನ್ನು ರಚಿಸುವವರಿಗೂ ಈ ನಿಯಮವು ಸಲ್ಲುವುದು. ವಿಷಯವನ್ನೂ ಪ್ರಯೋಜನವನ್ನೂ ಬಲ್ಲವರು ಬಹುಮಂದಿ ಉಂಟು. ಅಧಿಕಾರಿಯನ್ನು, ಎಂದರೆ ನೋಡತಕ್ಕ ಮಗುವನ್ನು, ಅರಿತವರು ವಿರಳವು.

ಫೋನನ್ನು ಹಿಡಿದವರೆಲ್ಲರೂ ವ್ಯಸನಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಹಿಡಿತ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಆಟವೇ ಮೇಲಾಗುವುದು, ಕೇಡು ಕಂಡರೂ ಬಿಡಲಾರದಿರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿಯೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಮಗುವು ಫೋನಿನಲ್ಲಿ ಅರಸುವುದೇನು? ಐದು ವರ್ಷದ ಕೂಸಿಗೆ ಬಣ್ಣವೂ ಧ್ವನಿಯೂ ಚಲನೆಯೂ ಬೇಕು. ಫೋನನ್ನು ರಾಕ್ಷಸನನ್ನಾಗಿ ತೋರಿಸಿದರೆ ಅದು ರಾತ್ರಿ ಬೆಚ್ಚುವುದೇ ಹೊರತು ಬುದ್ಧಿ ಕಲಿಯದು. ಒಂಬತ್ತು ಹತ್ತು ವರ್ಷದವರಿಗೆ ಗೆಲವೂ ಒಡನಾಡಿಯೂ ಬೇಕು. ನ್ಯಾಯಾನ್ಯಾಯಗಳನ್ನು ಅವರು ಬಲು ಸೂಕ್ಷ್ಮವಾಗಿ ತೂಗುವರು. ಹರೆಯದವರಿಗೆ ಗೆಳೆಯರ ಮೆಚ್ಚುಗೆಯೇ ಪ್ರಾಣವು; ಉಪದೇಶದ ವಾಸನೆ ತಾಗಿದೊಡನೆ ಮುಖ ತಿರುಗಿಸುವರು. ಮೂವರಿಗೂ ಒಂದೇ ಚಿತ್ರವನ್ನು ಬಡಿಸುವುದು ಹಸುಗೂಸಿಗೆ ರೊಟ್ಟಿಯನ್ನಿತ್ತಂತೆಯೇ ಸರಿ. ಷಟ್‌ಸ್ಥಲ ಸಿದ್ಧಾಂತವು ಸಾಧಕನನ್ನು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಿಸುವುದೂ ಈ ತಾರತಮ್ಯವನ್ನು ಅರಿತೇ ಅಲ್ಲವೇ?

ಇನ್ನು ಮಗುವಿನ ದುರ್ಬಲತೆಯನ್ನು ಅಪರಾಧವೆಂದೆಣಿಸಲಾಗದು. ಒಂದು ದೃಶ್ಯವು ಮುಗಿದೊಡನೆ ಮತ್ತೊಂದು ತಾನಾಗಿಯೇ ತೊಡಗುವಂತೆಯೂ, ಮುಂದೇನು ಬರುವುದೋ ಎಂಬ ಕುತೂಹಲವು ಆರದಂತೆಯೂ ಆ ಯಂತ್ರದ ಆಟನೋಟಗಳನ್ನು ನಿಪುಣರು ಹೆಣೆದಿರುವರು. ಆಸೆಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗವಾದರೋ ಇಪ್ಪತ್ತೈದರ ಸುಮಾರಿಗೆ ಪೂರ್ಣವಾಗಿ ಬಲಿಯುವುದು. ಹೀಗಿರಲು ಮಗುವನ್ನು ಹಳಿಯುವ ಚಿತ್ರವು ಬಲೆಗೆ ಸಿಕ್ಕ ಹಕ್ಕಿಯನ್ನು ಬೈದಂತಾಗುವುದು.

ಬಲೆಗೆ ಸಿಕ್ಕ ಹಕ್ಕಿಗಳ ಕಥೆಯೇ 1974ರಲ್ಲಿ ಫಿಲ್ಮ್ಸ್ ಡಿವಿಜನ್ನಿನಿಂದ, ವಿಜಯಾ ಮುಳೆಯವರ ನಿರ್ದೇಶನದಲ್ಲಿ, ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಅನಿಮೇಷನ್ ಕಿರುಚಿತ್ರವಾಯಿತು. ಅದರಲ್ಲಿ ದಂಡನೆಯಿಲ್ಲ, ಬೆದರಿಕೆಯಿಲ್ಲ. ಕಿರಿಯರು ಕೇಳುವರು, ಅಕ್ಕನು ಹಾಡುತ್ತ ಕಥೆ ಹೇಳುವಳು; ಹಕ್ಕಿಗಳು ಕೂಡಿ ಬಲೆಯೊಡನೆ ಹಾರುವುವು, ಇಲಿಗಳು ಅದನ್ನು ಕಡಿದು ಬಿಡಿಸುವುವು. ದೂರದರ್ಶನದಲ್ಲಿ ಅದನ್ನು ಕಂಡ ಮಕ್ಕಳು ತಾವೇ ತಾಯ್ತಂದೆಗಳಾದರೂ ಆ ಹಾಡನ್ನು ಮರೆಯಲಿಲ್ಲ. ಫೋನಿನ ಚಿತ್ರಕ್ಕೂ ಇದೇ ಮಾರ್ಗವು ಲೇಸು: ಬಿಡುಗಡೆಯ ಉಪಾಯವು ಮಗುವಿನ ಕೈಯಲ್ಲಿಯೇ ಇರಬೇಕು, ನೆರವಿಗೆ ಒಡನಾಡಿಗಳಿರಬೇಕು, ಫೋನನ್ನು ಕೆಳಗಿಟ್ಟ ಮೇಲೆ ಮಗುವಿಗೆ ದೊರೆಯುವ ಆಟ, ಅಜ್ಜಿಯ ಮಾತು, ಗೆಳೆಯನ ಕರೆ ಇವು ಫೋನಿಗಿಂತ ಸವಿಯಾಗಿ ತೋರಬೇಕು.

ಚಿತ್ರವು ಪೂರ್ಣವಾಗುವ ಮುನ್ನ ಮಕ್ಕಳ ಮುಂದಿಟ್ಟು ಪರೀಕ್ಷಿಸುವುದು ಅವಶ್ಯವು. “ಚೆನ್ನಾಗಿದೆಯೇ?” ಎಂದು ಕೇಳಿದರೆ ಹಿರಿಯರ ಮನ ನೋಯಬಾರದೆಂದು ಮಕ್ಕಳು ಹೌದೆನ್ನುವರು. “ಕಥೆಯನ್ನು ನೀನೇ ಹೇಳು, ಮಗು” ಎಂದರೆ ಅವರು ಗ್ರಹಿಸಿದ್ದೇನು, ಬಿಟ್ಟದ್ದೇನು ಎಂಬುದು ಹೊರಬೀಳುವುದು. ಕಿರಿಯರೆಂದು ಅವರ ಮಾತನ್ನು ತಳ್ಳಬಾರದು. ಅನುಭವಮಂಟಪದಲ್ಲಿ ಹುಟ್ಟಿನಿಂದಾಗಲಿ ಕಸುಬಿನಿಂದಾಗಲಿ ಯಾರ ಮಾತೂ ಕೀಳಾಗಲಿಲ್ಲ.

ಅವರು ಮೊದಲು ಕೇಳುವ ಪ್ರಶ್ನೆಯಾದರೋ ಕಠಿನವಾದುದು: “ಅಪ್ಪನೂ ಊಟದ ಹೊತ್ತಿನಲ್ಲಿ ಫೋನು ನೋಡುವನಲ್ಲ?” ಇದಕ್ಕೆ ಉತ್ತರವಿಲ್ಲದ ಚಿತ್ರವನ್ನು ಮಗುವು ನಂಬದು. ನುಡಿದಂತೆ ನಡೆಯುವುದು ಶರಣಧರ್ಮದ ತಿರುಳು. ಅದನ್ನು ಬಿಟ್ಟು ಮಾಡುವ ಬೋಧೆಯು ಗಾಳಿಯ ಪಾಲಾಗುವುದು.

ಲಿಂಗಪೂಜೆಯಲ್ಲಿ ಅಂಗೈಯ ಇಷ್ಟಲಿಂಗದ ಮೇಲೆ ನೆಟ್ಟ ದೃಷ್ಟಿಯು ಚೆದರಿದ ಮನವನ್ನು ಒಂದುಗೂಡಿಸುವುದು. ಅಂಗೈಯ ಫೋನಿನ ಮೇಲೆ ನೆಟ್ಟ ದೃಷ್ಟಿಯು ಕೂಡಿದ ಮನವನ್ನು ನೂರು ಕಡೆಗೆ ಚೆದರಿಸುವುದು. ಮಗುವಿನ ಕೈಯಿಂದ ಅದನ್ನು ಕಸಿದುಕೊಳ್ಳುವುದು ಸುಲಭವು; ಬರಿದಾದ ಆ ಕೈಯನ್ನು ಹಿಡಿದು ನಡೆಯಿಸುವುದೇ ಹಿರಿಯರ ಕಾಯಕವು. ಚಿತ್ರ ರಚಿಸುವವರಿಗೂ ಮನೆಯ ಹಿರಿಯರಿಗೂ ಆ ಸದ್ಬುದ್ಧಿಯನ್ನು ಪರಶಿವನು ಕರುಣಿಸಲಿ.