ಮಕ್ಕಳ ಮಲಬದ್ಧತೆ: ಹಿರಿಯರು ತಿಳಿಯಬೇಕಾದುದು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಾದ ನಾನು ಆರೋಗ್ಯದ ವಿಷಯ ಮಾತನಾಡಲು ನಿಂತದ್ದು ಅಧಿಕಪ್ರಸಂಗವೆನಿಸೀತು. ವಿಷಯವೂ ಸಭೆಯಲ್ಲಿ ಆಡುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಒಂದೂವರೆ ವರ್ಷ ನಮ್ಮ ಮನೆಯ ನೆಮ್ಮದಿ ಕೆಡಿಸಿದ ವಿಷಯವಿದು. ನಾಚಿಕೆಯಿಂದ ಮುಚ್ಚಿಟ್ಟುದರಿಂದಲೇ ಅಷ್ಟು ಬೆಳೆಯಿತು.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಶಾಲೆಗೆ ಸೇರಿಸಿದ ಹೊಸತು. ನಾವಿರುವುದು ಮುಂಬಯಿಯ ಚಾಳಿನಲ್ಲಿ. ಇಡೀ ಮಾಳಿಗೆಗೆ ಮೂರೇ ಪಾಯಿಖಾನೆ. ಅವಳಿಗೆ ಏಳಕ್ಕೆ ಶಾಲೆ, ನನಗೆ ಲೋಕಲ್ ಗಾಡಿಯ ಅವಸರ. ಕೂಸು ಒಳಗೆ ಕೂತರೆ ಹೊರಗೆ ಬಾಗಿಲು ಬಡಿಯುವವರು. ಒಂದು ದಿನ ಮಲ ಗಟ್ಟಿಯಾಗಿ ನೋವಾಯಿತು. ಮರುದಿನದಿಂದ ಅವಳು ಹೋಗಲೊಲ್ಲಳಾದಳು. ಮೂರು ದಿನ, ನಾಲ್ಕು ದಿನ, ಒಮ್ಮೆ ಎಂಟು ದಿನ! ಕಪಾಟಿನ ಮರೆಯಲ್ಲಿ ತುದಿಗಾಲ ಮೇಲೆ ನಿಂತು, ಕಾಲು ಹೆಣೆದು, ಮುಖ ಕೆಂಪಗೆ ಮಾಡುವಳು. ತಿಣುಕುತ್ತಿದ್ದಾಳೆಂದು ನಾವು ತಿಳಿದೆವು. ನಿಜವಾಗಿ ಅವಳು ತಡೆದು ಹಿಡಿಯುತ್ತಿದ್ದಳು.

ನಾವು ಮಾಡಿದ್ದೇನು? ಹರಳೆಣ್ಣೆ ಕುಡಿಸಿದೆವು, ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಹಚ್ಚಿ ಏರಿಸಿದೆವು, ಗದರಿದೆವು. ಸಂಜೆ ಚಪ್ಪಲಿ ಕಳಚುವ ಮೊದಲೇ ‘ಇವತ್ತು ಆಯಿತೇನೇ?’ ಎಂದು ನಾನು ಕೇಳುವುದು ವಾಡಿಕೆಯಾಯಿತು. ಕಡೆಗೆ ನನ್ನ ಹೆಜ್ಜೆಯ ಸಪ್ಪಳ ಕೇಳಿದರೇ ಅವಳು ಮಂಚದ ಕೆಳಗೆ ಅಡಗತೊಡಗಿದಳು. ಚಡ್ಡಿಯಲ್ಲಿ ಕಲೆ ಕಂಡ ದಿನ, ಬೇಕೆಂದೇ ಮಾಡಿದಳೆಂದು ಒಂದೇಟು ಕೊಟ್ಟೆ. ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಮಕ್ಕಳ ವೈದ್ಯರೊಬ್ಬರು ಸಮಾಧಾನದಿಂದ ತಿಳಿಸಿ ಹೇಳಿದರು. ನೋವಿನ ಭಯದಿಂದ ಮಗು ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ನೀರನ್ನು ಹೀರಿ ಮಲ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಸಲ ನೋವು ಹೆಚ್ಚು, ಭಯವೂ ಹೆಚ್ಚು. ಹೀಗೆ ಮಲಾಶಯ ಹಿಗ್ಗಿ, ಬಂದಿತೆಂಬ ಅರಿವೇ ಮಂದವಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ತಾನಾಗಿ ಸೋರುತ್ತದೆ. ಚಡ್ಡಿಯ ಕಲೆ ಅದೇ. ಅದು ಹಟವಲ್ಲ, ಮಗುವಿಗೆ ತಿಳಿಯುವುದೂ ಇಲ್ಲ.

ಚಿಕಿತ್ಸೆ ಹೇಗೆ? ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಹಳೆಯ ಬಾಕಿ ತೀರದೆ ಹೊಸ ಲೆಕ್ಕ ಸರಿಹೋಗದು. ಮೊದಲು ತುಂಬಿಕೊಂಡದ್ದು ಹೊರಬೀಳಬೇಕು. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಲ್ಯಾಕ್ಟುಲೋಸ್‌ನಂಥ, ಮಲದಲ್ಲಿ ನೀರು ಉಳಿಸುವ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡಬೇಕು. ಇದು ಚಟವಾಗುವುದಿಲ್ಲ. ‘ನಾಲ್ಕು ದಿನ ಸರಿಯಾಯಿತಲ್ಲ’ ಎಂದು ನಿಲ್ಲಿಸಿದರೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತೇವೆ. ನಾವೂ ಒಮ್ಮೆ ಹಾಗೆ ಕೆಟ್ಟೆವು.

ಊಟದ ನಂತರ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿಗೆ 5–10 ನಿಮಿಷ ಕೂರಿಸಬೇಕು. ಬೆಳಗಿನ ಗದ್ದಲ ಬಿಟ್ಟು ನಾವು ರಾತ್ರಿಯ ಊಟದ ಮೇಲಿನ ಹೊತ್ತನ್ನು ಆರಿಸಿದೆವು. ಎತ್ತರದ ಕಮೋಡಾದರೆ ಪಾದದ ಕೆಳಗೆ ಮಣೆ ಇಡಿ. ಆದರೂ ಆಗದಿದ್ದರೂ ಕೂತದ್ದಕ್ಕೇ ಶಹಭಾಸ್ ಎನ್ನಿ. ಹಣ್ಣು, ಸೊಪ್ಪು, ಬೇಳೆ, ನೀರು ಬೇಕು. ಹಾಲಿನಿಂದಲೇ ಹೊಟ್ಟೆ ತುಂಬಿಸಬೇಡಿ. ಶಾಲೆಯಲ್ಲಿ ಕೇಳಿದಾಗ ಬಿಡುವಂತೆ ಬಾಯಿಯವರಿಗೆ ಒಂದು ಮಾತು ಹೇಳಿಡಿ.

ಹೀಗೆ ಬಳಲುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬೇರೆ ರೋಗವಿರುವುದಿಲ್ಲ. ಎದೆಹಾಲಷ್ಟೇ ಕುಡಿಯುವ ಕೂಸು, ಹುಟ್ಟಿ ಕೆಲವು ವಾರಗಳಾದ ಮೇಲೆ, ಹಲವು ದಿನಕ್ಕೊಮ್ಮೆ ಹೋದರೂ ಮಲ ಮೆತ್ತಗಿದ್ದು ಮೈ ತುಂಬುತ್ತಿದ್ದರೆ ಗಾಬರಿ ಬೇಡ. ಆದರೆ ಹುಟ್ಟಿದ 48 ಗಂಟೆಯೊಳಗೆ ಮೊದಲ ಮಲ ಹೋಗದಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ರಕ್ತ ಕಂಡರೆ, ತೂಕ ಏರದಿದ್ದರೆ, ಕಾಲುಗಳಲ್ಲಿ ಬಲ ತಗ್ಗಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

ಎಲ್ಲಕ್ಕಿಂತ ಕಷ್ಟವಾದ ಪಥ್ಯವನ್ನು ವೈದ್ಯರು ನನಗೇ ಹೇಳಿದ್ದರು: ‘ಸಂಜೆಯ ಆ ಪ್ರಶ್ನೆ ನಿಲ್ಲಿಸಿರಿ.’ ನಿಲ್ಲಿಸಿದೆ. ಆದದ್ದು ಆಗದ್ದನ್ನು ನನ್ನ ಹೆಂಡತಿ ಅವಳಿಗೆ ಕಾಣದಂತೆ ಒಂದು ಪುಸ್ತಕದಲ್ಲಿ ಬರೆದಿಡುವಳು. ನಾನು ಮಗಳು ಮಲಗಿದ ಮೇಲೆ ನೋಡುವೆ. ಗುಣವಾಗಲು ಎಂಟು ತಿಂಗಳು ಹಿಡಿಯಿತು. ಆದರೆ ಅದಕ್ಕೂ ಬಹಳ ಮೊದಲೇ, ಪ್ರಶ್ನೆ ನಿಂತ ಎರಡನೆಯ ವಾರದಲ್ಲಿ, ನನ್ನ ಹೆಜ್ಜೆಯ ಸಪ್ಪಳಕ್ಕೆ ಅವಳು ಮಂಚದ ಕೆಳಗೆ ಹೋಗದೆ ಬಾಗಿಲಿಗೆ ಓಡಿ ಬಂದಳು.