‘ಮಚ್ಚಾ, ಇದನ್ನ ಕೇಳು’ ಅನ್ನೋ ಮುಂಚೆ

 

ಇವತ್ತು ಮಾತಾಡೋಕೆ ಹೊರಟಿರೋದು ನಾವೆಲ್ಲ ದಿನಾ ಮಾಡೋ ಒಂದು ಕೆಲಸದ ಬಗ್ಗೆ. ಒಂದು ಹಾಡು ಇಷ್ಟ ಆಗುತ್ತೆ. ತಕ್ಷಣ ಲಿಂಕ್ ಕಾಪಿ ಮಾಡಿ ಫ್ರೆಂಡ್‌ಗೆ ಕಳಿಸ್ತೀವಿ: “ಮಚ್ಚಾ, ಇದನ್ನ ಕೇಳು.” ಆ ಕಡೆಯಿಂದ ಒಂದು ಬೆಂಕಿ ಇಮೋಜಿ ಬರುತ್ತೆ. ಅವನು ಹಾಡು ಕೇಳಿಲ್ಲ ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು. ಅಲ್ಲಿಗೆ ಮುಗೀತು.

ಅವನು ಕೇಳೋ ತರಹದ್ದೇ ಹಾಡಾಗಿದ್ರೆ ಪರವಾಗಿಲ್ಲ, ಆ್ಯಪ್ ಹೇಗೂ ಅದನ್ನ ಅವನ ಮುಂದೆ ಇಡುತ್ತೆ. ನೀವು ಕೇಳಿದ್ದನ್ನೇ ಕೇಳಿದ ಬೇರೆ ಜನ ಇನ್ನೇನು ಕೇಳಿದ್ರು ಅಂತ ನೋಡಿ ಅದು ಮುಂದಿನ ಹಾಡು ಹಾಕುತ್ತೆ. ಮೆಲೋಡಿ ಕೇಳಿದೋರಿಗೆ ಮೆಲೋಡಿ, ರ‍್ಯಾಪ್ ಕೇಳಿದೋರಿಗೆ ರ‍್ಯಾಪ್. ಆದ್ರೆ ಮೆಟಲ್ ಕೇಳೋ ಹುಡುಗನಿಗೆ ಯಕ್ಷಗಾನದ ಚೆಂಡೆ ಹಿಡಿಸಬಹುದು ಅನ್ನೋ ಊಹೆ ಇದೆಯಲ್ಲ, ಅದು ಬರೋದು ಅವನ ಜತೆ ಕೂತು ಟೀ ಕುಡಿದಿರೋ ನಿಮಗೆ. ಹಾಗಾಗಿ ಬೇರೆ ಬಗೆಯ ಸಂಗೀತ ನಮಗೆ ಸಿಗಬೇಕಂದ್ರೆ ಈಗಲೂ ಇನ್ನೊಬ್ಬ ಮನುಷ್ಯನೇ ಬೇಕು.

ಕಷ್ಟ ಏನಂದ್ರೆ, ಆ ಮನುಷ್ಯ ಸಾಮಾನ್ಯವಾಗಿ ಶುರು ಮಾಡೋದೇ ಹೀಗೆ: “ಅದೆಲ್ಲ ಏನ್ ಕೇಳ್ತೀಯೋ, ಇದನ್ನ ಕೇಳು.” ಆ ಮೊದಲ ಅರ್ಧ ಕಿವಿಗೆ ಬಿದ್ದ ಮೇಲೆ ಎರಡನೇ ಅರ್ಧ ಯಾರಿಗೆ ಬೇಕು?

ನಾನಿದ್ದ ಪಿಜಿಯಲ್ಲಿ ವಿಜಯಪುರ ಕಡೆಯ ಹುಡುಗ ಒಬ್ಬ ಇದ್ದ. ಬೆಳಗ್ಗೆ ಬಟ್ಟೆ ಇಸ್ತ್ರಿ ಮಾಡ್ತಾ ಜೋರಾಗಿ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡು ಹಾಕೋನು. ಒಂದಿನ ಯಾರೋ “ಟ್ರ್ಯಾಕ್ಟರ್ ಮ್ಯೂಸಿಕ್ ಆಫ್ ಮಾಡೋ” ಅಂದ್ರು. ಎಲ್ಲರೂ ನಕ್ಕರು. ಆಮೇಲೆ ಅವನು ಇಯರ್‌ಫೋನ್ ತಂದ, ನಮಗೆ ಅವನ ಹಾಡು ಕೇಳ್ಸೋದು ನಿಂತೋಯ್ತು.

ತಿಂಗಳುಗಳಾದ ಮೇಲೆ ಒಂದು ರಾತ್ರಿ ಯಾರೋ ಮೊಬೈಲಲ್ಲಿ ರ‍್ಯಾಪ್ ಬ್ಯಾಟಲ್ ನೋಡ್ತಿದ್ರು. ಇವನು ಬಗ್ಗಿ ನೋಡಿ ಅಂದ: “ನಿಮ್ದು ಹತ್ತ್ ನಿಮಿಷಕ್ಕ ಮುಗೀತಲ್ಲೋ! ನಮ್ ಕಡೆ ಬೆಳಗಾಗೂತನ ನಡೀತೈತಿ.” ಅವನು ಹೇಳಿದ್ದು ಹರದೇಶಿ–ನಾಗೇಶಿ ಬಗ್ಗೆ. ಎರಡು ಮೇಳ ಎದುರುಬದುರು ನಿಲ್ತಾವೆ. ಒಂದು ಗಂಡು ಹೆಚ್ಚು ಅಂತ ಹಾಡುತ್ತೆ, ಇನ್ನೊಂದು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ. ಪ್ರಶ್ನೆನೂ ಹಾಡಲ್ಲೇ, ಉತ್ತರನೂ ಹಾಡಲ್ಲೇ. ದಪ್ಪಿನ ಪೆಟ್ಟು, ತುಂತುಣಿಯ ಒಂದೇ ತಂತಿಯ ಮಿಡಿತ, ಹಿಂದೆ ಗೀಗೀ ಅಂತ ದನಿ ಕೂಡಿಸೋರು. ಎದುರು ಮೇಳದೋರಿಗೆ ಉತ್ತರ ಹೊಳೀಲಿಲ್ಲ ಅಂದ್ರೆ ಊರ ಮುಂದೆ ಸೋತ ಹಾಗೆ. ಆ ರ‍್ಯಾಪ್ ಅಭಿಮಾನಿ ಎದ್ದು ಕೂತ. ಅವತ್ತು ಇಬ್ಬರೂ ಎರಡು ಗಂಟೆವರೆಗೂ ಹುಡುಕಿ ಹುಡುಕಿ ಕೇಳಿದ್ರು. “ಇದು ನಮ್ಮ ಪರಂಪರೆ, ಇದನ್ನ ಉಳಿಸಬೇಕು” ಅಂತ ಭಾಷಣ ಮಾಡಿದ್ರೆ ಅದು ಆಗ್ತಿರಲಿಲ್ಲ. ಅವನಿಗೆ ಆಗಲೇ ಇಷ್ಟ ಇದ್ದ ಒಂದು ವಿಷಯ, ಅಂದ್ರೆ ಮಾತಿಗೆ ಮಾತು ಕೊಡೋದು, ಅಲ್ಲಿಂದ ಒಂದು ಸೇತುವೆ ಸಿಕ್ತು.

ನನ್ನ ವಾದ ಇಷ್ಟೇ. ಬೇರೆ ಬಗೆಯ ಸಂಗೀತಕ್ಕೆ ಒಬ್ಬರನ್ನ ಕರ್ಕೊಂಡು ಹೋಗಬೇಕು ಅಂದ್ರೆ ನಿಮ್ಮ ಅಚ್ಚುಮೆಚ್ಚಿನ ಹಾಡು ಕಳಿಸಬೇಡಿ, ಅವರಿಗೆ ಗೊತ್ತಿರೋದಕ್ಕೆ ಅಂಟಿಕೊಂಡಿರೋ ಹಾಡು ಕಳಿಸಿ. ಕನ್ನಡದಲ್ಲಿ ಇಂಥ ಸೇತುವೆಗಳಿಗೆ ಬರ ಇಲ್ಲ.

ಶಿಶುನಾಳ ಷರೀಫರನ್ನೇ ತಗೊಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಕವಿ, ಊರು ಈಗಿನ ಹಾವೇರಿ ಜಿಲ್ಲೆಯ ಶಿಶುನಾಳ. ರಾಕ್ ಕೇಳೋ ಗೆಳತಿಗೆ ನೇರ ತತ್ವಪದ ಕಳಿಸಿದ್ರೆ ಅವಳು ತೆರೆಯಲ್ಲ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಕಳಿಸಿ. ಅದರಲ್ಲಿ ಹುಕ್ಕಾ ಸೇದೋದರ ನೆಪದಲ್ಲಿ ಷರೀಫರು ಬರೆದ ಪದ ಗಿಟಾರ್ ಮೇಲೆ ಕೂತಿದೆ. ಅದು ಹಿಡಿಸಿದ್ರೆ ಮುಂದಿನದು ಸಿ. ಅಶ್ವಥ್. ಟಿ.ಎಸ್. ನಾಗಾಭರಣ ಅವರ 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾಗೆ ಸಂಗೀತ ಕೊಟ್ಟೋರು ಅವರೇ. ಆ ದನಿಯಲ್ಲಿ ಒಂದು ಒರಟು ಇದೆ, ರಾಕ್ ಕಿವಿಗೆ ಅದು ಬೇಗ ಪರಿಚಯ ಆಗುತ್ತೆ. ಅಲ್ಲಿಂದ ಹಳ್ಳಿಯ ಭಜನಾ ಮೇಳದೋರು ಏಕತಾರಿ ಹಿಡಿದು ಹಾಡಿರೋ ವಿಡಿಯೋ. ಮೂರು ಹೆಜ್ಜೆ. ಮೊದಲನೇ ದಿನಾನೇ ಮೂರನೇ ಹೆಜ್ಜೆಗೆ ಎಳೆಯೋಕೆ ಹೋಗಬೇಡಿ.

ಜಾಝ್ ಕೇಳೋರು ಇದ್ದಾರಾ? ನಿಮಗೆ ಕದ್ರಿ ಗೋಪಾಲನಾಥ್. ದಕ್ಷಿಣ ಕನ್ನಡದೋರು, ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಇದನ್ನೇ ನುಡಿಸಬೇಕು ಅಂತ ಹೊರಟರು. ಅದು ಎಷ್ಟು ಕಷ್ಟ ಅಂತ ಯೋಚಿಸಿ: ಸ್ಯಾಕ್ಸೊಫೋನಲ್ಲಿ ಸ್ವರಕ್ಕೆ ತಕ್ಕ ಹಾಗೆ ಕೀಲಿಗಳನ್ನ ಒತ್ತಬೇಕು, ಕರ್ನಾಟಕ ಸಂಗೀತದಲ್ಲಿ ಸ್ವರಗಳು ಒಂದರಿಂದ ಒಂದಕ್ಕೆ ಜಾರಬೇಕು, ತೂಗಬೇಕು. ಗಮಕ ಅನ್ನೋದು ಇದಕ್ಕೇ. ಉಸಿರು, ತುಟಿ, ಬೆರಳು ಎಲ್ಲ ಸೇರಿಸಿ ಆ ಜಾರಿಕೆಯನ್ನ ಅವರು ಹಿತ್ತಾಳೆಯಿಂದ ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಭಾರತೀಯ ಮೂಲದ ಅಮೆರಿಕನ್ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜತೆ 2008ರಲ್ಲಿ ‘ಕಿನ್ಸ್‌ಮೆನ್’ ಅಂತ ಆಲ್ಬಂ ಬಂತು. ಅದನ್ನ ಕೇಳಿ. ಯಾವುದು ಯಾರ ಸ್ಯಾಕ್ಸೊಫೋನ್ ಅಂತ ಗುರುತು ಹಿಡಿಯೋ ಆಟ ಆಡಿ. ಆ ಜಾರಿಕೆ ಒಂದೇ ಸಾಕು ಗೊತ್ತಾಗೋಕೆ.

ಹಿಂದಿ ಹಾಡು ಮಾತ್ರ ಕೇಳೋರಿಗೆ ಸುಲಭದ ದಾರಿ: ‘ಚೀನಿ ಕಮ್’ನ ‘ಜಾನೇ ದೋ ನಾ’ ಹಾಕಿ, ಹಿಂದೇನೇ 1981ರ ‘ಗೀತಾ’ ಸಿನಿಮಾದ ‘ಜೊತೆಯಲಿ’ ಹಾಕಿ. ಎರಡೂ ಇಳಯರಾಜ. ಮುಖ ನೋಡ್ತಾ ಇರಿ ಅಷ್ಟೆ. ಹಳೇ ರಾಜ್‌ಕುಮಾರ್ ಸಿನಿಮಾ ಇಷ್ಟಪಡೋ ಅಪ್ಪನಿಗೆ 1966ರ ‘ಸಂಧ್ಯಾರಾಗ’. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಆ ಒಂದೇ ಸಿನಿಮಾಗೆ ಹಾಡಿದ್ದಾರೆ.

“ನಂಗೆ ಕ್ಲಾಸಿಕಲ್ ಅರ್ಥ ಆಗಲ್ಲ” ಅನ್ನೋರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವರಿಗೆ ಒಂದು ಗಂಟೆಯ ಖಯಾಲ್ ಕಳಿಸೋದು ಈಜು ಬಾರದೋನನ್ನ ಬಾವಿಗೆ ತಳ್ಳಿದ ಹಾಗೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನೂ ಹಾಡಿದ್ದಾರೆ. ಮಾತು ಕನ್ನಡದ್ದು, ಒಂದಷ್ಟಾದ್ರೂ ಶಾಲೆಯಲ್ಲಿ ಓದಿರ್ತೀವಿ, ಹಿಡ್ಕೊಳ್ಳೋಕೆ ಒಂದು ಕೊಂಬೆ ಇರುತ್ತೆ. ಆಮೇಲೆ ಅವರ ಹಳೇ ಗ್ರಾಮಫೋನ್ ಕಾಲದ ಮುದ್ರಿಕೆಗಳು. ಆಗಿನ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಹಿಡಿತಿದ್ದದ್ದು ಸುಮಾರು 3 ನಿಮಿಷ. ರಾಗ ಅಷ್ಟರಲ್ಲೇ ಮುಗೀಬೇಕಿತ್ತು. ರೀಲ್ಸ್ ಕಾಲದ ನಮಗೆ ಹೇಳಿ ಮಾಡಿಸಿದ ಅಳತೆ!

ದೊಡ್ಡ ಖಯಾಲ್ ಕಳಿಸೋ ದಿನ ಬಂದಾಗ ಒಂದೇ ಒಂದು ಕೆಲಸ ಕೊಡಿ: ಸಮ್ ಹುಡುಕು ಅನ್ನಿ. ಸಮ್ ಅಂದ್ರೆ ತಾಳದ ಮೊದಲ ಪೆಟ್ಟು. ಗಾಯಕರು ಎಲ್ಲೆಲ್ಲೋ ಸುತ್ತಾಡಿ, ತಬಲಾದೋರ ಜತೆ ಸರಿಯಾಗಿ ಆ ಪೆಟ್ಟಿಗೆ ಬಂದು ಇಳೀತಾರೆ. ನಾಲ್ಕೈದು ಸಲ ಸಿಕ್ಕಿದ ಮೇಲೆ ನೀವೇ ಕಾಯೋಕೆ ಶುರು ಮಾಡ್ತೀರಿ. ಬೀಟ್ ಡ್ರಾಪ್‌ಗೆ ಕಾಯಲ್ವಾ, ಅದೇ ತರಹ.

ಇನ್ನು ಉಲ್ಟಾ ದಾರಿ: ನಮ್ಮ ಹಾಡನ್ನ ದೊಡ್ಡೋರಿಗೆ ಕೇಳಿಸೋದು. ನಮ್ಮಮ್ಮ ಭಾವಗೀತೆಯೋರು; ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ ಅಂದ್ರೆ ಪ್ರಾಣ. ಅವರಿಗೆ ಕನ್ನಡ ರ‍್ಯಾಪ್ ಹಾಕಿದಾಗ “ರೈಲು ತಪ್ಪಿ ಹೋಗುತ್ತೇನೋ ಇವನಿಗೆ” ಅಂದ್ರು. ಭಾವಗೀತೆ ಕೇಳೋರಿಗೆ ಮುಖ್ಯ ಸಾಹಿತ್ಯ. ಅದಕ್ಕೇ ಇನ್ನೊಂದಿನ ಹಾಡಿನ ಸಾಲುಗಳನ್ನ ಬರೆದು ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಓದಿದ್ರು. “ಎರಡನೇ ಚರಣ ಇನ್ನೊಂದ್ಸಲ ಹಾಕು, ಬಾಡಿಗೆ ಮನೆ ಬಗ್ಗೆ ಚೆನ್ನಾಗಿ ಬರ್ದಿದಾನೆ” ಅಂದ್ರು. ಸಂಗೀತ ಇವತ್ತಿಗೂ ಇಷ್ಟ ಇಲ್ಲ ಅವರಿಗೆ. ಇರಲಿ ಬಿಡಿ, ನಂಗೆ ಆ ಎರಡನೇ ಚರಣದ ಬಗ್ಗೆ ಮಾತಾಡೋಕೆ ಒಬ್ಬರು ಸಿಕ್ಕರು.

ಹೌದು, ಹಿಡಿಸ್ಲಿಲ್ಲ ಅಂತ ಹೇಳೋದೂ ಈ ಕೊಡು-ಕೊಳ್ಳುವಿಕೆಯ ಭಾಗಾನೇ. “ಮೊದಲ ಎರಡು ನಿಮಿಷ ಚೆನ್ನಾಗಿತ್ತು, ಸಿಂಥ್ ಬಂದ ಮೇಲೆ ಬಿಟ್ಟೆ” ಅಂದ್ರೆ, ಕಳಿಸಿದೋನಿಗೆ ಮುಂದಿನ ಹಾಡು ಯಾವುದು ಅಂತ ಗೊತ್ತಾಗುತ್ತೆ. ಬೆಂಕಿ ಇಮೋಜಿಯಿಂದ ಅವನಿಗೆ ಏನೂ ಗೊತ್ತಾಗಲ್ಲ. ಇನ್ನೊಂದು, ಲಿಂಕ್ ಜತೆ ಹಾಡಿದೋರು, ಬರೆದೋರು, ಸಿನಿಮಾ ಅಥವಾ ಆಲ್ಬಂ ಹೆಸರು ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹಾಡಿನ ಸ್ಪೆಲಿಂಗ್ ಒಬ್ಬೊಬ್ಬರು ಒಂದೊಂದು ತರಹ ಬರೀತಾರೆ. ಆ ವಿಡಿಯೋ ಡಿಲೀಟ್ ಆದ ದಿನ ಹುಡುಕೋಕೆ ಈ ಹೆಸರುಗಳೇ ಬೇಕು.

ಈ ವಾರ ನಿಮ್ಮಿಂದ ವಾಯ್ಸ್ ನೋಟ್ ಬೇಕು. ನಿಮ್ಮ ಬಗೆಯದ್ದಲ್ಲದ ಒಂದು ಹಾಡು, ಅದನ್ನ ಯಾರಿಗೆ ಕಳಿಸ್ತೀರಿ, ಯಾವ ನಿಮಿಷದಿಂದ ಕೇಳು ಅಂತೀರಿ. ಮೂವತ್ತು ಸೆಕೆಂಡ್ ಸಾಕು. ಟ್ರ್ಯಾಕ್ಟರ್ ಮ್ಯೂಸಿಕ್ ಆದ್ರೂ ಸರಿ, ಅದನ್ನ ಮೊದಲು ಹಾಕ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.