ಅಡುಗೆಮನೆಯ ಬಾಗಿಲು



ವ್ಯಾಪಾರದಲ್ಲಿ ನೈತಿಕತೆಯ ಬಗ್ಗೆ ಮಾತನಾಡಿ ಎಂದಾಗ ಸ್ವಲ್ಪ ಅಂಜಿದ್ದೆ. ನಾನು ಎಂ.ಟೆಕ್. ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವಳು, ವ್ಯಾಪಾರ ನನಗೇನು ಗೊತ್ತು? ಆಮೇಲೆ ನೆನಪಾದದ್ದು ಬೆಂಗಳೂರಿನ ಎಂ.ಟಿ.ಆರ್.

ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಆಮೇಲೆ ಗ್ರಾಹಕರು ಅಡುಗೆಮನೆಯನ್ನು ನೋಡಿಕೊಂಡೇ ಊಟಕ್ಕೆ ಹೋಗುವಂತೆ ಮಾಡಿದರು. ಯೋಚಿಸಿ, ನಮ್ಮಲ್ಲಿ ಎಷ್ಟು ಜನ ನೆಂಟರು ಬಂದಾಗ ಅಡುಗೆಮನೆಗೆ ಕರೆದೊಯ್ಯುತ್ತೇವೆ? 1975ರ ತುರ್ತು ಪರಿಸ್ಥಿತಿಯಲ್ಲಿ ಸರಕಾರ ಹೋಟೆಲ್ ತಿಂಡಿಗಳ ದರ ಇಳಿಸಿತು. ತುಪ್ಪ ಕಡಿಮೆ ಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅವರು ಹಾಗೆ ಮಾಡದೆ, ತಿಂಡಿಯ ಸಿದ್ಧ ಮಿಶ್ರಣಗಳನ್ನು ಮಾರುವ ದಾರಿ ಹಿಡಿದರು. ಇಲ್ಲಿ ಸೀವುಡ್ಸ್‌ನಲ್ಲಿ ಗಡಿಬಿಡಿಯ ಬೆಳಿಗ್ಗೆ ನಾವು ಒಡೆಯುವ ಪೊಟ್ಟಣದ ಹಿಂದೆ ಈ ಕಥೆ ಇದೆ.

ನಮ್ಮ ಐಟಿ ಕ್ಷೇತ್ರದ ಅಡುಗೆಮನೆ ಮಾತ್ರ ಯಾರಿಗೂ ಕಾಣುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗ ರಾಜು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ 5,000 ಕೋಟಿ ರೂಪಾಯಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರವಂತೆ. ಅದೇ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಆಗ ನಾನು ವಿದ್ಯಾರ್ಥಿನಿ. ಇಂಥದ್ದೆಲ್ಲ ದೊಡ್ಡವರ ವಿಷಯ ಅಂದುಕೊಂಡಿದ್ದೆ. ಕೆಲವು ವರ್ಷಗಳ ನಂತರ, ಹೆಸರು ಬೇಡ, ಒಂದು ಕಂಪನಿಯಲ್ಲಿ ನನ್ನ ತಂಡದ ಹುಡುಗಿಯೊಬ್ಬಳ ಬಯೋಡೇಟಾ ಗ್ರಾಹಕರಿಗೆ ಕಳಿಸಬೇಕಿತ್ತು. ಅವಳ ಅನುಭವ ಎರಡು ವರ್ಷ. "ಐದು ಅಂತ ಹಾಕಿ, ಎಲ್ಲರೂ ಹಾಕ್ತಾರೆ" ಎಂದರು ಮೇಲಿನವರು. ಹಾಕಿದವಳು ನಾನೇ. ಬೆರಳು ಒಂದು ಅಂಕಿ ಒತ್ತಿತು, ಅಷ್ಟೇ. ಗ್ರಾಹಕರು ಐದು ವರ್ಷದ ಅನುಭವಕ್ಕೆ ಹಣ ಕೊಟ್ಟರು, ಐದು ವರ್ಷದ ಅನುಭವದ ಪ್ರಶ್ನೆಗಳನ್ನೇ ಕೇಳಿದರು. ಪ್ರತಿ ಕರೆಯಲ್ಲೂ ಅವಳು ತಡವರಿಸುತ್ತಿದ್ದಳು. ತನಗೇ ಬುದ್ಧಿ ಸಾಲದು ಎಂದು ನಂಬಿ ಮೂರೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಳು. ತಪ್ಪು ಅವಳದಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಸಲ ಎರಡನ್ನು ಎರಡೆಂದೇ ಬರೆದೆ. ಆ ಪ್ರಾಜೆಕ್ಟ್ ಕೈತಪ್ಪಿತು, ನನ್ನ ಬಡ್ತಿಯೂ ಒಂದು ವರ್ಷ ಮುಂದಕ್ಕೆ ಹೋಯಿತು. ಮನೆಯಲ್ಲಿ ಗೃಹಸಾಲದ ಕಂತಿತ್ತು, ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಆ ಹುಡುಗಿ ಈಗ ಬೇರೆ ಕಡೆ ಚೆನ್ನಾಗಿದ್ದಾಳೆ. ಒಮ್ಮೊಮ್ಮೆ ಸೀವುಡ್ಸ್ ನಿಲ್ದಾಣದಲ್ಲಿ ಸಿಗುತ್ತಾಳೆ, "ಮೇಡಂ" ಎಂದು ನಗುತ್ತಾಳೆ. ಆ ಅಂಕಿಯ ವಿಷಯವನ್ನು ಅವಳಿಗೆ ಇನ್ನೂ ಹೇಳಿಲ್ಲ. ಇವತ್ತು ನಿಮ್ಮೆದುರು ಹೇಳಿದ್ದೇನೆ, ಇನ್ನು ಅವಳಿಗೆ ಹೇಳಬೇಕು.